ಸುತ್ತೋಲೆಯೂ ಸಲ್ಲಾಪವೂ

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಭವ್ಯವಾದ ಕಟ್ಟಡ, ಘಟಿಕೋತ್ಸವದ ನಿಲುವಂಗಿ, ಗ್ರಂಥಭಂಡಾರದ ಸಾಲು ಕಪಾಟುಗಳು. ಯೂರೋಪಿನಲ್ಲಿ ಈ ಸಂಸ್ಥೆ ಹುಟ್ಟಿದಾಗಲಾದರೋ ಅದಕ್ಕೆ ಸ್ವಂತದ ಕಟ್ಟಡವೇ ಇರಲಿಲ್ಲ. ‘ಯೂನಿವರ್ಸಿಟಾಸ್’ ಎಂಬ ಲ್ಯಾಟಿನ್ ಮಾತಿಗೆ ಅಂದು ಇದ್ದ ಅರ್ಥ ಜನರ ಕೂಟ ಎಂದು. ಕುಶಲಕರ್ಮಿಗಳು ಕಟ್ಟಿಕೊಂಡ ಸಂಘಗಳಂತೆಯೇ ಇದು ಗುರುಶಿಷ್ಯರು ಕಟ್ಟಿಕೊಂಡ ಸಂಘ. ನಾವು ಅದನ್ನು ವಿದ್ಯೆಯ ನಿಲಯವೆಂದು ಕರೆದೆವು. ಹೆಸರು ಘನವಾದುದೇ ಸರಿ. ಆದರೆ ಅದರಲ್ಲಿ ಮನೆ ಮುಂದಾಗಿ ಮನೆಮಂದಿ ಹಿಂದಾದರು. ಈ ಮನೆಮಂದಿ ತಮ್ಮತಮ್ಮೊಳಗೆ ಹೇಗೆ ಮಾತನಾಡಿಕೊಳ್ಳುತ್ತಾರೆ, ಅವರ ಮಾತನ್ನು ಯಾರು ಕೇಳುತ್ತಾರೆ ಎಂಬುದೇ ಇಲ್ಲಿ ನನ್ನ ವಿಚಾರ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಅದರ ದೇಹ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ಮೈಸೂರಿನಲ್ಲಿ ಮಹಾರಾಜಾ ಕಾಲೇಜು, ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು; ನಡುವೆ ಸುಮಾರು 140 ಕಿಲೋಮೀಟರು ದಾರಿ. ಕಚೇರಿಯ ಕಾಗದಪತ್ರಗಳು ಹೇಗೂ ಹೋಗಿಬರುತ್ತಿದ್ದುವಷ್ಟೆ. ಆದರೆ 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದವರು ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದರು. ಮುಂದೆ ವಿಶ್ವವಿದ್ಯಾನಿಲಯವೇ ಅದನ್ನು ತನ್ನದಾಗಿಸಿಕೊಂಡಿತು. ಮೇಲಿನಿಂದ ಇಳಿದ ಆಜ್ಞೆಯಿಂದ ಹುಟ್ಟಿದ ಪತ್ರಿಕೆ ಅದಲ್ಲ. ಹೇಳಬೇಕೆನ್ನಿಸಿದವರು ಹೇಳುವುದಕ್ಕಾಗಿ ತಾವೇ ಮಾಡಿಕೊಂಡದ್ದು. ಸುತ್ತೋಲೆಗೂ ಸಲ್ಲಾಪಕ್ಕೂ ಇರುವ ಅಂತರ ಇದೇ. ಒಂದು ಕೆಳಗಿಳಿಯುತ್ತದೆ, ಇನ್ನೊಂದು ಸುತ್ತ ಹರಡುತ್ತದೆ.

ಕುವೆಂಪು ಅವರು ಕುಲಪತಿಗಳಾಗಿದ್ದಾಗ ಮಾನಸಗಂಗೋತ್ರಿ ಮೈದಾಳಿತು. ಆ ಹೆಸರೂ ಅವರದೇ. 1960ರಿಂದ ಈಚೆಗೆ ಅಲ್ಲಿ ಒಂದೊಂದಾಗಿ ವಿಭಾಗಗಳು ತಮ್ಮತಮ್ಮ ಮನೆ ಮಾಡಿಕೊಂಡುವು. ವಿದ್ಯೆ ಬೆಳೆಯಲು ಸ್ಥಳ ಬೇಕು, ನಿಜ. ಆದರೆ ಕಟ್ಟಡಗಳು ದೂರವಾದಂತೆ ಜನರೂ ದೂರವಾಗುವರು. ನಮ್ಮ ಎಲ್ಲ ವಿಶ್ವವಿದ್ಯಾನಿಲಯಗಳ ಕಥೆಯೂ ಹೀಗೆಯೇ. ಒಂದೇ ಜಗಲಿಯಲ್ಲಿ ಎದುರಾಗುತ್ತಿದ್ದವರ ನಡುವೆ ತೋಪೂ ರಸ್ತೆಯೂ ಬಂದು ನಿಂತಾಗ, ಕಣ್ಣೆದುರಿನ ಮಾತು ಮಾಡುತ್ತಿದ್ದ ಕೆಲಸ ಕಾಗದದ ಪಾಲಿಗೆ ಬರುತ್ತದೆ.

ಆ ಕಾಗದದ ಸಂಚಾರವನ್ನು ನಾನು ಬಹುಕಾಲ ಕಂಡಿದ್ದೇನೆ. ಸುತ್ತೋಲೆಯ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಜವಾನ ಕೊಠಡಿಯಿಂದ ಕೊಠಡಿಗೆ ನಡೆಯುತ್ತಿದ್ದ. ಅಧ್ಯಾಪಕರು ಓದಿಯೋ ಓದದೆಯೋ ಸಹಿ ಹಾಕುತ್ತಿದ್ದರು. ಆದರೂ ಆ ನಡಿಗೆಯಲ್ಲಿ ಒಂದು ಲಾಭವಿತ್ತು. ಯಾರ ಮನೆಯಲ್ಲಿ ಕಾಯಿಲೆ, ಯಾವ ಕೊಠಡಿಯ ಸೂರು ಸೋರುತ್ತಿದೆ ಎಂಬ ವರ್ತಮಾನ ಪುಸ್ತಕದ ಹೊರಗೆ, ಆತನ ಬಾಯಲ್ಲಿ ಬರುತ್ತಿತ್ತು. ಈಗ ಸುತ್ತೋಲೆ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ. ಗುಂಪಿನ ಮೇಲ್ವಿಚಾರಕರು ಮಾತ್ರ ಬರೆಯಬಹುದು, ಉಳಿದವರು ಓದಬಹುದು ಎಂಬ ಕಟ್ಟಳೆಯನ್ನೂ ಅದರಲ್ಲಿ ವಿಧಿಸಬಹುದಾಗಿದೆ. ಸಹಿಯ ಸ್ಥಾನದಲ್ಲಿ ಎರಡು ನೀಲಿ ಗೀಟು. ವೇಗ ಹೆಚ್ಚಿತು, ಜವಾನನ ನಡಿಗೆಯೊಂದಿಗೆ ಅವನ ಮಾತೂ ನಿಂತಿತು.

ಅವನಂಥವರಿಗೆ ಕಚೇರಿಯ ಭಾಷೆ ಕೊಟ್ಟಿರುವ ಹೆಸರು ‘ಬೋಧಕೇತರ’ ಎಂದು. ಗುಮಾಸ್ತ, ಪ್ರಯೋಗಶಾಲೆಯ ಸಹಾಯಕ, ತೋಟದ ಮಾಲಿ, ವಾಹನ ಚಾಲಕ, ರಾತ್ರಿಯ ಕಾವಲುಗಾರ ಇವರೆಲ್ಲರೂ ತಾವೇನು ಎಂಬುದರಿಂದಲ್ಲ, ಏನಲ್ಲ ಎಂಬುದರಿಂದ ಹೆಸರು ಪಡೆದವರು.

ಇವರು ಮುಂದೆ ನಿಲ್ಲುವ ದಿನ ವರ್ಷಕ್ಕೆ ಒಂದುಂಟು, ಅದು ಆಯುಧಪೂಜೆ. ಅಂದು ಪ್ರಯೋಗಶಾಲೆಯ ತಕ್ಕಡಿ, ಸೂಕ್ಷ್ಮದರ್ಶಕ, ಕಚೇರಿಯ ಗಣಕಯಂತ್ರ ಎಲ್ಲಕ್ಕೂ ಕುಂಕುಮ. ಬಾಗಿಲಿಗೆ ಮಾವಿನ ತೋರಣ, ವಾಹನಕ್ಕೆ ಬಾಳೆಕಂದು. ಚಾಲಕನೇ ಯಜಮಾನ, ಬೂದುಗುಂಬಳ ಒಡೆಯುವವನೂ ಅವನೇ. ಪ್ರಾಧ್ಯಾಪಕರು ಪಕ್ಕದಲ್ಲಿ ನಿಂತು ಕೈಯೊಡ್ಡಿ ಕಡಲೆಪುರಿ ಪಡೆಯುತ್ತಾರೆ. ನೌಕರರ ಸೌಹಾರ್ದಕ್ಕೆಂದು ಆಡಳಿತದವರು ಏರ್ಪಡಿಸುವ ಕ್ರೀಡಾಕೂಟ, ಉಪನ್ಯಾಸ, ಸನ್ಮಾನಗಳಿಗೆ ಇಲ್ಲದ ಒಂದು ಉಸಿರು ಈ ದಿನಕ್ಕಿದೆ. ಕಾರಣ ಸರಳ: ಅಲ್ಲಿ ಅವರು ಅತಿಥಿಗಳಲ್ಲ, ಕರ್ತರು. ಆದರೆ ಮರುದಿನ ವಿಜಯದಶಮಿ ಕಳೆದರೆ ಎಲ್ಲರೂ ತಮ್ಮತಮ್ಮ ಮೆಟ್ಟಿಲಿಗೆ ಮರಳುತ್ತಾರೆ.

ಮೈಕು ಅವರ ಕೈಗೆ ಬರುವುದು ಇನ್ನೊಂದೇ ದಿನ, ವಯೋನಿವೃತ್ತಿಯ ದಿನ. ನಾನು ಕೆಲಕಾಲ ಕೆಲಸಮಾಡಿದ ಒಂದು ವಿಶ್ವವಿದ್ಯಾನಿಲಯದಲ್ಲಿ ಅಂಥದೊಂದು ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆದಮೇಲೆ, ಮೂವತ್ತು ವರ್ಷ ಗ್ರಂಥಾಲಯದಲ್ಲಿ ದುಡಿದಿದ್ದ ಸಹಾಯಕರನ್ನು ಎರಡು ಮಾತು ಆಡಿರೆಂದರು. ಅವರು ಯಾರನ್ನೂ ಹೊಗಳಲಿಲ್ಲ, ಹಳಿಯಲೂ ಇಲ್ಲ. “ಹಿಂದಿನ ಕೋಣೆಯ ಮೇಲೆ ನೀರು ಹೋಗುವ ಕೊಳವೆಗೆ ಎಲೆ ತುಂಬಿಕೊಳ್ಳುತ್ತದೆ ಸ್ವಾಮಿ. ಮಳೆಗಾಲಕ್ಕೆ ಮುಂಚೆ ತೆಗೆಸಬೇಕು. ಇಷ್ಟು ವರ್ಷ ನಾನೇ ಹತ್ತಿ ತೆಗೆಯುತ್ತಿದ್ದೆ. ಇನ್ನು ಮುಂದೆ ಯಾರಿಗಾದರೂ ಹೇಳಿಬಿಡಿ. ಹಳೆಯ ಪ್ರಬಂಧಗಳೆಲ್ಲ ಅಲ್ಲಿಯೇ ಇವೆ” ಎಂದರು. ಸಭೆ ಚಪ್ಪಾಳೆ ತಟ್ಟಿತು, ಫಲಾಹಾರವಾಯಿತು. ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಆ ಮುಂಗಾರಿನಲ್ಲಿ ಎರಡು ಕಪಾಟಿನ ಪ್ರಬಂಧಗಳು ನೆನೆದು ಮುದ್ದೆಯಾದುವು. ಯಾರೋ ಯೌವನವನ್ನು ಸವೆಸಿ ಬರೆದ ಹಾಳೆಗಳು ಅವು. ಹಾಳಾದಮೇಲೆ ಸುತ್ತೋಲೆಯೊಂದು ಬಂದಿತು: ದಾಖಲೆಗಳನ್ನು ಜಾಗರೂಕತೆಯಿಂದ ಕಾಪಾಡತಕ್ಕದ್ದು!

ಕೇಳುವುದನ್ನೇ ವಿಧಿಯಾಗಿ ಮಾಡಿಕೊಂಡ ಸಂಸ್ಥೆಗಳೂ ಇಲ್ಲದಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯ 1870ರಿಂದ ‘ರಿಪೋರ್ಟರ್’ ಎಂಬ ಅಧಿಕೃತ ಪತ್ರಿಕೆಯನ್ನು ಹೊರಡಿಸುತ್ತಿದೆ. ಮುಖ್ಯವಾದ ಪ್ರಸ್ತಾಪಗಳು ವರದಿಯ ರೂಪದಲ್ಲಿ ಅದರಲ್ಲಿ ಪ್ರಕಟವಾಗುತ್ತವೆ. ಬಳಿಕ ಚರ್ಚಾಸಭೆ ಸೇರುತ್ತದೆ. ಅಲ್ಲಿ ಆಡಿದ ಮಾತು, ಅದು ಎಷ್ಟೇ ಕಟುವಾಗಿರಲಿ, ಅದೇ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆಕ್ಸ್‌ಫರ್ಡಿನಲ್ಲಿ 1985ರ ಜನವರಿಯಲ್ಲಿ, ಅಂದಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರಿಗೆ ಗೌರವ ಪದವಿ ನೀಡುವ ಪ್ರಸ್ತಾಪವನ್ನು ವಿದ್ವಾಂಸರ ಸಭೆ 319ಕ್ಕೆ ಎದುರಾಗಿ 738 ಮತಗಳಿಂದ ತಳ್ಳಿಹಾಕಿತು. ಆ ತೀರ್ಮಾನ ಸರಿಯೆ ತಪ್ಪೆ ಎಂಬುದು ಬೇರೆ ಮಾತು. ಸಭೆಯ ಮಾತಿಗೆ ತೂಕವಿತ್ತೆಂಬುದು ಸ್ಪಷ್ಟ. ಆದರೆ ಈ ಸಭೆಗಳೂ ಬಹುಮಟ್ಟಿಗೆ ವಿದ್ವಾಂಸರವೇ. ಕೊಳವೆಯ ಎಲೆ ತೆಗೆಯುವವನು ಅಲ್ಲಿಯೂ ಹೊರಗೇ.

ಆದುದರಿಂದ ಪರದೇಶದ ಪದ್ಧತಿಯನ್ನು ಇದ್ದಂತೆಯೇ ತರಬೇಕೆಂದು ನಾನು ಹೇಳಲಾರೆ. ಆಯುಧಪೂಜೆಯಲ್ಲಿ ಒಂದು ದಿನ ತೋರುವ ಸಮಾನತೆಗೆ ‘ರಿಪೋರ್ಟರಿ’ನ ಶಿಸ್ತನ್ನು ಕೂಡಿಸಿದರೆ ಸಾಕು. ತಿಂಗಳಿಗೊಮ್ಮೆ ಒಂದು ಗಂಟೆ. ಹಾರವಿಲ್ಲ, ವೇದಿಕೆಯಿಲ್ಲ, ಅಧ್ಯಕ್ಷ ಭಾಷಣವಿಲ್ಲ. ಮೊದಲ ಮಾತು ಕಿರಿಯ ಹುದ್ದೆಯವರದು. ಹೇಳಿದುದನ್ನು ಕನ್ನಡದಲ್ಲಿ ಬರೆದಿಟ್ಟು, ಏನು ಮಾಡಲಾಯಿತೆಂಬುದನ್ನು ಮುಂದಿನ ತಿಂಗಳು ಅದೇ ಜನರ ಮುಂದೆ ಓದತಕ್ಕದ್ದು. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ಮೇಲಿನವರಿಗೆ ಕಿವಿಯೂ ಕೆಳಗಿನವರಿಗೆ ನಿರ್ಭಯವೂ ಇದ್ದರಾಯಿತು.

ವಿದ್ಯೆಯೆಂದರೆ ಪ್ರಶ್ನೆ ಕೇಳುವುದೆಂದು ನಾವು ತರಗತಿಯಲ್ಲಿ ದಿನವೂ ಬೋಧಿಸುತ್ತೇವೆ. ಮಳೆಗಾಲಕ್ಕೆ ಮೊದಲು, ಸೂರಿನ ಸ್ಥಿತಿ ಬಲ್ಲವನ ಬಳಿಗೆ ಹೋಗಿ “ಹೇಗಿದೆಯಪ್ಪ?” ಎಂದು ಕೇಳುವುದೂ ಆ ವಿದ್ಯೆಯೊಳಗೆ ಸೇರಿದ್ದೇ.