ಗೋಡೆಯ ಈಚೆಗೇ ನಿಲ್ಲುವ ಭಕ್ತಿ

ಜೆರುಸಲೇಮಿನ ಪಶ್ಚಿಮ ಗೋಡೆಯ ಮುಂದೆ ಹಗಲಿರುಳೂ ಯಹೂದಿಗಳು ಪ್ರಾರ್ಥನೆಗೆ ನಿಂತಿರುತ್ತಾರೆ. ಕಲ್ಲಿಗೆ ಹಣೆಯಾನಿಸಿ ಅಳುವವರಿದ್ದಾರೆ, ಕೋರಿಕೆ ಬರೆದ ಚೀಟಿಯನ್ನು ಸಂದಿಯಲ್ಲಿ ಸಿಕ್ಕಿಸುವವರಿದ್ದಾರೆ. ಚಿತ್ರಗಳಲ್ಲಿ ಇದನ್ನು ಕಂಡ ನಮ್ಮಲ್ಲಿ ಅನೇಕರು ಅದು ಹಳೆಯ ದೇವಾಲಯದ್ದೇ ಗೋಡೆ ಎಂದುಕೊಳ್ಳುವುದುಂಟು. ನಿಜಕ್ಕೂ ಅದೊಂದು ತಡೆಗೋಡೆ. ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಹೆರೋದ ದೊರೆ ದೇವಾಲಯದ ಅಂಗಳವನ್ನು ಹಿಗ್ಗಿಸಲು ಹೊರಟಾಗ ಗುಡ್ಡದ ಸುತ್ತ ಏಳತೊಡಗಿದ ಆಸರೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ನೆಲಸಮ ಮಾಡಿದರು, ತಡೆಗೋಡೆ ಉಳಿಯಿತು. ಹಾಗಾದರೆ ಅಲ್ಲಿ ಭಕ್ತರಿಗೆ ಅನುಭವವಾಗುವ ಪಾವಿತ್ರ್ಯ ಎಲ್ಲಿಯದು? ಆಚೆಗಿರುವುದನ್ನು ನೆನೆದು ಈಚೆಗೇ ನಿಲ್ಲುವುದರಲ್ಲಿ ಅದು ಹುಟ್ಟುತ್ತದೆ ಎಂಬುದು ನನ್ನ ವಾದ.

ದೇವಾಲಯವಿದ್ದಾಗಲೂ ಹೀಗೆಯೇ ಇತ್ತು. ಅನ್ಯಜನರು ಒಂದು ಎಲ್ಲೆಯವರೆಗೆ, ಹೆಂಗಸರು ಇನ್ನೊಂದರವರೆಗೆ, ಗಂಡಸರು ಮತ್ತೊಂದರವರೆಗೆ, ಯಾಜಕರು ಅದರಾಚೆಗೆ. ಕಟ್ಟಕಡೆಯ ಒಳಕೋಣೆಗೆ ಹೋಗಬಹುದಾಗಿದ್ದವನು ಮಹಾಯಾಜಕನೊಬ್ಬನೇ, ಅದೂ ವರ್ಷಕ್ಕೊಮ್ಮೆ, ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನ. ರೋಮನ್ನರು ಕೆಡವಿದ ಈ ಎರಡನೆಯ ದೇವಾಲಯದ ಆ ಕೋಣೆಯಲ್ಲಿ, ದೇವರ ಆಜ್ಞೆಗಳ ಕಲ್ಲುಹಲಗೆಗಳಿಗಾಗಿದ್ದ ಒಡಂಬಡಿಕೆಯ ಮಂಜೂಷವೂ ಇರಲಿಲ್ಲ, ವಿಗ್ರಹವಂತೂ ಇಲ್ಲವೇ ಇಲ್ಲ. ಕ್ರಿ.ಪೂ. 63ರಲ್ಲಿ ಒಳನುಗ್ಗಿದ ರೋಮನ್ ಸೇನಾನಿ ಪಾಂಪೆಯ ಕಣ್ಣಿಗೆ ಯಾವ ದೇವಮೂರ್ತಿಯೂ ಬೀಳಲಿಲ್ಲ. ಯಹೂದಿ ಧರ್ಮಗ್ರಂಥದಲ್ಲಿ ಬರುವ ಸೀನಾಯಿ ಬೆಟ್ಟದ ಕಥೆ ಇನ್ನೂ ಸ್ಪಷ್ಟ. ದೇವರು ಇಳಿದುಬರುವಾಗ ಬೆಟ್ಟದ ಸುತ್ತ ಎಲ್ಲೆ ಹಾಕಲಾಯಿತು, ಮುಟ್ಟಿದವರಿಗೆ ಸಾವೇ ಗತಿ. ಆದರೆ ಆ ಎಲ್ಲೆ ಆ ಹೊತ್ತಿಗಷ್ಟೇ, ಕೊಂಬಿನ ದೀರ್ಘಧ್ವನಿ ಕೇಳಿದ ಮೇಲೆ ಹತ್ತಬಹುದೆಂದು ಅದೇ ಗ್ರಂಥ ಹೇಳುತ್ತದೆ. ಧರ್ಮಶಾಸ್ತ್ರವೇ ದೊರೆತ ಆ ಬೆಟ್ಟ ಯಾವುದೆಂದು ಯಹೂದಿ ಪರಂಪರೆ ಗುರುತಿಟ್ಟುಕೊಂಡಿಲ್ಲ. ಇಂದು ಸೀನಾಯಿ ಎಂದು ತೋರಿಸುವ ಬೆಟ್ಟದ ಬುಡದಲ್ಲಿರುವುದು ಕ್ರೈಸ್ತರ ಮಠ.

ನನ್ನ ಈ ವಾದಕ್ಕೆ ಬಲವಾದ ಆಕ್ಷೇಪವಿದೆ. ನೆಲಕ್ಕೇ ಪಾವಿತ್ರ್ಯವಿಲ್ಲದಿದ್ದರೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಯಹೂದಿಗಳು ಜೆರುಸಲೇಮಿನ ಕಡೆಗೇ ಮುಖಮಾಡಿ ಏಕೆ ಪ್ರಾರ್ಥಿಸಬೇಕು? ಇಸ್ರೇಲಿನ ನೆಲಕ್ಕೆ ಬೇರೆಲ್ಲೂ ಇಲ್ಲದ ಗುಣವಿದೆ ಎಂದು 12ನೆಯ ಶತಮಾನದ ಕವಿ ಯೆಹೂದಾ ಹಲೇವಿ ನಂಬಿದ್ದ. ವಿಚಾರವಾದಿಯಾದ ಯಹೂದಿ ತತ್ತ್ವಜ್ಞಾನಿ ಮೈಮೊನಿಡೀಸ್ ಕೂಡ ದೇವಸಾನ್ನಿಧ್ಯ ಅಳಿಯುವುದಿಲ್ಲ, ಆದ್ದರಿಂದ ಪಾಳುಬಿದ್ದರೂ ದೇವಾಲಯದ ಸ್ಥಳ ಪವಿತ್ರವೇ ಎಂದ. ಒಪ್ಪೋಣ. ಆದರೆ ಆ ನಂಬಿಕೆಯಿಂದ ಹೊರಟ ವಿಧಿಯನ್ನು ಗಮನಿಸಬೇಕು. ಪವಿತ್ರವಾದ್ದರಿಂದಲೇ ಶುದ್ಧಿಯಿಲ್ಲದೆ ಅಲ್ಲಿ ಕಾಲಿಡಬಾರದು, ಆ ಶುದ್ಧಿಗೆ ಬೇಕಾದ ಕೆಂದಾಕಳ ಬೂದಿ ಈಗಿಲ್ಲ. ಇಂದಿಗೂ ಇಸ್ರೇಲಿನ ಮುಖ್ಯ ರಬ್ಬಿಗಳ ಪೀಠ ದೇವಾಲಯವಿದ್ದ ಗುಡ್ಡದ ದಾರಿಯಲ್ಲಿ ಯಹೂದಿಗಳು ಮೇಲೆ ಹೋಗಬಾರದೆಂದು ಫಲಕ ಹಾಕಿದೆ. ಒಪ್ಪದ ರಬ್ಬಿಗಳಿದ್ದಾರೆ, ಹತ್ತುವವರೂ ಇದ್ದಾರೆ. ಸಂತರ ಗೋರಿಗಳಿಗೆ ಮುಗಿಬೀಳುವ ಭಕ್ತಿಯೂ ಕಡಿಮೆಯದಲ್ಲ. ಲಾಗ್ ಬಾಓಮರ್ ಹಬ್ಬದ ದಿನ ಅಂಥ ಗೋರಿಯಿರುವ ಮೆರೋನ್ ಬೆಟ್ಟ ಜನರಿಂದ ತುಂಬಿಹೋಗುತ್ತದೆ. ಆದರೂ ಈ ಧರ್ಮದ ಪರಮಗುರು ಮೋಶೆಯ ಸಮಾಧಿ ಯಾರಿಗೂ ತಿಳಿಯದು ಎಂದು ಅವರ ಗ್ರಂಥವೇ ಸಾರಿದೆ. ಹತ್ತಿರ ಹೋಗಿ ಹಿಡಿದುಕೊಳ್ಳುವ ಆಸೆ ಎಲ್ಲರಂತೆ ಅವರಿಗೂ ಇದೆ, ಅದಕ್ಕೆ ಎಲ್ಲೆ ಹಾಕುವ ಶಿಸ್ತೂ ಅಷ್ಟೇ ಹಳೆಯದು. ಪಶ್ಚಿಮ ಗೋಡೆಯ ಬಳಿ ಪ್ರಾರ್ಥನೆ ಮುಗಿಸಿದ ಅನೇಕರು ಅದಕ್ಕೆ ಬೆನ್ನು ತೋರಿಸದೆ, ಹಿಂದಕ್ಕೆ ಹೆಜ್ಜೆಯಿಡುತ್ತಲೇ ದೂರ ಸರಿಯುತ್ತಾರೆ.