ನಿತ್ಯಪುಷ್ಪವೂ ಶ್ವಾಸಕೋಶದ ಕ್ಯಾನ್ಸರೂ

ವರ್ಷದ ಹನ್ನೆರಡು ತಿಂಗಳೂ ಅಂಗಳದಲ್ಲಿ ಅರಳುವ ನಿತ್ಯಪುಷ್ಪವನ್ನು ಅರಿಯದವರು ನಮ್ಮಲ್ಲಿ ವಿರಳ. ಇದನ್ನೇ ಕೆಲವರು ಕಾಶಿಕಣಗಿಲೆಯೆಂದು ಕರೆಯುವರು. ಇದರ ತವರು ಮಡಗಾಸ್ಕರ್ ದ್ವೀಪ. ಈ ಗಿಡದಿಂದ ಶ್ವಾಸಕೋಶದ ಕ್ಯಾನ್ಸರಿಗೆ ಔಷಧವೊಂದು ದೊರೆತ ಬಗೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

1952ನೆಯ ಇಸವಿಯಲ್ಲಿ ಜಮೈಕಾ ದ್ವೀಪದಿಂದ ಕೆನಡಾ ದೇಶದ ಡಾಕ್ಟರ್ ರಾಬರ್ಟ್ ನೋಬಲರಿಗೆ ಇದರ ಎಲೆಗಳು ಬಂದವು. ಜಮೈಕಾದವರು ಇದರ ಕಷಾಯವನ್ನು ಮಧುಮೇಹಕ್ಕೆ ಕುಡಿಯುತ್ತಿದ್ದರು. ಇಲಿಗಳ ಮೇಲೆ ಪರೀಕ್ಷಿಸಲಾಗಿ ರಕ್ತದ ಸಕ್ಕರೆಯು ಇಳಿಯಲಿಲ್ಲ. ಬಿಳಿಯ ರಕ್ತಕಣಗಳು ಇಳಿದುಹೋದವು. ಬೇಗಬೇಗನೆ ವೃದ್ಧಿಯಾಗುವ ಕಣಗಳನ್ನು ತಡೆಯುವ ವಸ್ತುವೊಂದು ಇದರಲ್ಲಿರಬೇಕೆಂದು ಊಹಿಸಿ, ನೋಬಲರೂ ಚಾರ್ಲ್ಸ್ ಬಿಯರರೂ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬುದನ್ನು ಬೇರ್ಪಡಿಸಿದರು. ಮುಂದೆ ಫ್ರಾನ್ಸಿನ ಪಿಯೆರ್ ಪೋತಿಯೆ ಮತ್ತು ಅವರ ಸಂಗಡಿಗರು ಇದೇ ಗಿಡದ ಸತ್ವಗಳಿಂದ ವಿನೋರೆಲ್ಬಿನನ್ನು ಸಿದ್ಧಪಡಿಸಿದರು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಇದನ್ನು ಕೊಡಬಹುದೆಂದು ಅಮೇರಿಕಾ 1994ರಲ್ಲಿ ಅಂಗೀಕರಿಸಿತು.

ಇದು ಕೆಲಸ ಮಾಡುವದು ಹೇಗೆ? ಜೀವಕಣವೊಂದು ಎರಡಾಗುವ ಮುನ್ನ ತನ್ನೊಳಗೆ ಸೂಕ್ಷ್ಮವಾದ ನೂಲುಗಳನ್ನು ಹೆಣೆದು, ವಂಶಗುಣಗಳನ್ನು ಹೊತ್ತ ಎಳೆಗಳನ್ನು ಎರಡು ಕಡೆಗೂ ಸಮನಾಗಿ ಎಳೆದು ಹಂಚುವದು. ಆ ನೂಲು ಟ್ಯೂಬುಲಿನ್ ಎಂಬ ವಸ್ತುವಿನಿಂದಾದದ್ದು. ಔಷಧವು ಟ್ಯೂಬುಲಿನ್‌ಗೆ ಅಂಟಿಕೊಂಡು ನೂಲು ಬೆಳೆಯದಂತೆ ಮಾಡುವದು. ಕಣವು ನಡುದಾರಿಯಲ್ಲಿಯೇ ನಿಂತುಬಿಡುವದು. ಬಹಳ ಹೊತ್ತು ಹಾಗೆ ನಿಂತರೆ, ಅದರೊಳಗೆ ಸುಪ್ತವಾಗಿರುವ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚತ್ತು ಅದನ್ನು ತುಂಡುತುಂಡಾಗಿ ಕಡಿಯುವವು. ನೆರೆಯ ಕಣಗಳು ಆ ಚೂರುಗಳನ್ನು ನುಂಗಿ ಶುಚಿಮಾಡುವವು. ಈ ಬಗೆಯ ಮರಣಕ್ಕೆ 1972ರಲ್ಲಿ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವದೆಂದು ಆ ಗ್ರೀಕ್ ಪದದ ಅರ್ಥ. ನಮ್ಮ ದೇಹದ ಹಳೆಯ ಕಣಗಳು ದಿನವೂ ಹೀಗೆಯೇ ಉದುರುವವು. ಕ್ಯಾನ್ಸರಿನ ಕಣವೋ ಉದುರಲೊಲ್ಲದು. ಔಷಧವು ಅದನ್ನು ಉದುರಿಸುವದು.

ಆದರೆ ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಒಳ್ಳೆಯ ಕಣಗಳಿಗೂ ಇದರಿಂದ ಹಾನಿಯುಂಟು. ಆ ಇಲಿಗಳಲ್ಲಿ ಕಂಡುದೇ ರೋಗಿಗಳಲ್ಲಿಯೂ ಕಾಣುವದರಿಂದ, ವೈದ್ಯರು ಪದೇಪದೇ ರಕ್ತವನ್ನು ಪರೀಕ್ಷಿಸಿಯೇ ಔಷಧವನ್ನು ಕೊಡುವರು.

ಆದುದರಿಂದ ತಾಯಂದಿರಲ್ಲಿ ನಮ್ಮದೊಂದು ವಿಜ್ಞಾಪನೆ. ಅಂಗಳದ ಎಲೆಯನ್ನು ಅರೆದು ರೋಗಿಗೆ ಕುಡಿಸಬಾರದು. ರಾಶಿರಾಶಿ ಎಲೆಗಳಲ್ಲಿ ಔಷಧದ ಸತ್ವವು ಚಿಟಿಕೆಯಷ್ಟು ಮಾತ್ರ; ಜತೆಗಿರುವ ವಿಷವು ಬಹಳ. ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ ಹಾಗೆ ಕಳೆದುಹೋಗುವ ಕಾಲ. ಬಿಡದ ಕೆಮ್ಮು, ಕಫದಲ್ಲಿ ರಕ್ತ ಕಂಡೊಡನೆ ವೈದ್ಯರ ಬಳಿಗೆ ಹೋಗತಕ್ಕದ್ದು. ಬೀಡಿ ಸಿಗರೇಟುಗಳ ಹೊಗೆಯೇ ಈ ರೋಗಕ್ಕೆ ಮುಖ್ಯ ಕಾರಣವಾಗಿರುವದರಿಂದ, ಅದನ್ನು ಮನೆಯಿಂದ ಹೊರಗಟ್ಟುವದು ಯಾವ ಔಷಧಕ್ಕಿಂತಲೂ ಮೇಲು.