ಡ್ರಿಲ್ಲಿಗಿಂತ ಬ್ಯಾಟರಿ ಏಕೆ ದುಬಾರಿ?

ವೃತ್ತಿಯಿಂದ ವೈದ್ಯನಾದರೂ ಮೆಲಾಕಾದ ಮನೆಯಲ್ಲಿ ಬಿಡುವಿನ ವೇಳೆ ಮರಗೆಲಸ ಮಾಡುವ ನಾನು, ಹೊಸ ಬ್ಯಾಟರಿಯ ಬೆಲೆ ಬರಿಯ ಡ್ರಿಲ್ಲಿನ ಬೆಲೆಯನ್ನು ಮೀರುವುದನ್ನು ಕಂಡಿದ್ದೇನೆ. ಇದಕ್ಕೆ ಕಾರಣ ಅದರ ಒಡಲಲ್ಲಿಯೇ ಇದೆ.

18 ವೋಲ್ಟಿನ ಬ್ಯಾಟರಿಯೆಂದರೆ ತಲಾ 3.6 ವೋಲ್ಟಿನ ಐದು ಲಿಥಿಯಂ-ಅಯಾನ್ ಕೋಶಗಳ ಸರಣಿ. ಹೆಚ್ಚು ಹೊತ್ತು ಬಾಳುವಂಥದರಲ್ಲಿ ಹತ್ತು ಕೋಶಗಳಿರುತ್ತವೆ. ಪೂರ್ತಿ ತುಂಬಿದಾಗ ಇದೇ ಸರಣಿ 20 ವೋಲ್ಟನ್ನು ದಾಟುತ್ತದೆ. ಆದ್ದರಿಂದ '20 ವೋಲ್ಟ್ ಮ್ಯಾಕ್ಸ್' ಎಂಬುದು ಹೆಚ್ಚಿನ ಶಕ್ತಿಯಲ್ಲ, ಬೇರೆ ಹೆಸರು ಮಾತ್ರ.

ಇಂತಹ ಕೋಶಗಳನ್ನು ನಮ್ಮ ನೆರೆಯ ಸೆರೆಂಬಾನಿನಲ್ಲಿಯೇ ಸ್ಯಾಮ್‌ಸಂಗ್ ಎಸ್‌ಡಿಐ ತಯಾರಿಸುತ್ತದೆ. 2022ರಲ್ಲಿ ಶಿಖರಕ್ಕೇರಿದ ಲಿಥಿಯಂ ಬೆಲೆ ಮುಂದೆ ಕುಸಿಯಿತು. ಆದರೆ ಕೋಶ ಅಗ್ಗವಾದ ಮಾತ್ರಕ್ಕೆ ಬ್ಯಾಟರಿ ಅಗ್ಗವಾಗದು. ಹೆಚ್ಚಿನ ಕಂಪನಿಗಳ ಜೋಡಣೆ ಬೇರೆ ಬೇರೆ. ಡ್ರಿಲ್ ಕೊಂಡವನು ಅದೇ ಕಂಪನಿಯ ಬ್ಯಾಟರಿಗೆ ಕಟ್ಟುಬೀಳುತ್ತಾನೆ. ಜೊತೆಗೆ ಉಷ್ಣ, ವೋಲ್ಟೇಜುಗಳನ್ನು ಕಾಯುವ ರಕ್ಷಣಾ ಮಂಡಲದ ವೆಚ್ಚವೂ ಸೇರುತ್ತದೆ.

ಅಗ್ಗದ ನಕಲಿಗಳಲ್ಲಿ ಈ ಮಂಡಲವೇ ಇಲ್ಲದಿರಬಹುದು. ಮಿತಿಮೀರಿ ಕಾದ ಒಂದು ಕೋಶದ ಬೆಂಕಿ ಪಕ್ಕದವಕ್ಕೂ ಹಬ್ಬುತ್ತದೆ. ಹೊಗೆಯಲ್ಲಿರುವ ಹೈಡ್ರೋಜನ್ ಫ್ಲೋರೈಡ್ ಶ್ವಾಸಕೋಶವನ್ನು ಸುಡುತ್ತದೆ. ವೈದ್ಯನಾಗಿ ಹೇಳುವೆ: ಈ ಉಳಿತಾಯ ಬೇಡ.

ಇರುವುದನ್ನೇ ಬಾಳಿಸುವುದು ಮೇಲು. ಇಲ್ಲಿನ ಸೆಕೆಯಲ್ಲಿ ಬ್ಯಾಟರಿಯನ್ನು ಕಾರಿನಲ್ಲಿ ಬಿಡಬೇಡಿ. ಬಿಸಿಯಾಗಿದ್ದರೆ ಆರಿದ ಮೇಲೆ ಚಾರ್ಜ್ ಮಾಡಿ. ಬಹುದಿನ ಬಳಸದಿದ್ದರೆ ಅರ್ಧ ತುಂಬಿಸಿ ತಂಪಾದೆಡೆ ಇಡಿ. ಹೊಸ ಉಪಕರಣ ಕೊಳ್ಳುವಾಗ ಒಂದೇ ಕಂಪನಿಗೆ ಅಂಟಿಕೊಂಡರೆ ಎರಡು ಬ್ಯಾಟರಿಗಳಲ್ಲಿ ಮನೆಗೆಲಸವೆಲ್ಲ ಸಾಗುತ್ತದೆ.